ಶುಕ್ರವಾರದ ಪಲ್ಟನ್

ಮೊನ್ನೆ ಜನವರಿಯಲ್ಲಿ, ಸಂಕ್ರಾಂತಿ ಹತ್ತಿರ ಬಂದಾಗ, ಒಮಾನಿನ ಬೌಷರ್‌ನಲ್ಲಿರುವ ನನ್ನ ಮನೆಗೆ ಒಂದು ಫೋನ್ ಬಂತು. ಮಸ್ಕತ್ತಿನಲ್ಲಿರುವ ನಮ್ಮ ಕಡೆಯ ಮಾಜಿ ಸೈನಿಕರು ಕಟ್ಟಿಕೊಂಡ ಸಣ್ಣ ಕೂಟವೊಂದರ ಪರವಾಗಿ ಮಾತಾಡುತ್ತಿದ್ದೇನೆ ಎಂದರು ಆ ಮನುಷ್ಯ. ಈ ಸಲ ನಿವೃತ್ತ ಸೈನಿಕರ ದಿನಕ್ಕೆ ತೀರಿಕೊಂಡ ಹಿರಿಯರನ್ನೂ ನೆನೆಯುತ್ತೇವೆ, ನಿಮ್ಮ ತಂದೆ ಹವಾಲ್ದಾರ್ ಲಾರೆನ್ಸ್ ಅವರ ಪರವಾಗಿ ನೀವು ದಾರ್ಸೈಟ್‌ಗೆ ಬಂದು ಶಾಲು ಸ್ವೀಕರಿಸಬೇಕು ಎಂದರು. ನಮ್ಮ ಮನೆಯಲ್ಲಿ ಸೈನಿಕರು ಇಬ್ಬರು, ನಿಮಗೆ ಯಾರು ಬೇಕು ಎಂದು ಕೇಳಿದೆ. ಅವರಿಗೆ ಖುಷಿಯಾಯಿತು. ಅಣ್ಣನೂ ಸೇನೆಯಲ್ಲಿದ್ದರೇ ಎಂದರು. ಅಣ್ಣ ಅಲ್ಲ, ನನ್ನ ತಾಯಿ. ಇಲ್ಲೇ ಪಕ್ಕದ ಕೋಣೆಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಾರೆ ಎಂದೆ. ಪಿಂಚಣಿ ಬರುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ. ಯಾವಾಗ ನಿವೃತ್ತರಾದರು ಎಂದರು. ನಿವೃತ್ತರಾಗಲಿಲ್ಲ ಎಂದೆ.

"ಹಾಗಾದ್ರೆ ಅವ್ರು ನಮ್ಮ ಲೆಕ್ಕಕ್ಕೆ ಬರೂದಿಲ್ಲ ಮೇಡಂ. ಬೇಜಾರು ಮಾಡ್ಬೇಡಿ, ರೂಲ್ಸ್ ಹಾಗೆ ಉಂಟು."

ಕೆಟ್ಟ ಮನುಷ್ಯನೇನಲ್ಲ, ದನಿಯಲ್ಲಿ ನಿಜವಾದ ಬೇಜಾರಿತ್ತು. ಶಾಲು ಬೇಡ ಎಂದು ಹೇಳಿ ಫೋನ್ ಇಟ್ಟೆ. ಐವತ್ತರ ಹತ್ತಿರ ಬಂದ ಹೆಂಗಸಿಗೆ ಒಂದು ಶಾಲಿನ ಮಾತಿಗೆ ಅಷ್ಟು ಸಿಟ್ಟು ಬಂದಿತ್ತು. ಈ ಸಿಟ್ಟು ಇವತ್ತಿನದಲ್ಲ ಎನ್ನುವುದನ್ನು ಹೇಳಲಿಕ್ಕೇ ಈ ಅಧ್ಯಾಯ.

ಈ ದಿನದ ಕತೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಸ್ವತಂತ್ರ ಭಾರತದ ಸೇನೆಗೆ ಮೊದಲ ಭಾರತೀಯ ದಂಡನಾಯಕರಾದವರು ನಮ್ಮ ಕೊಡಗಿನವರು. ಅಲ್ಲಿಯವರೆಗೆ ಆ ಕುರ್ಚಿಯಲ್ಲಿ ಇಂಗ್ಲಿಷರೇ ಕೂತಿದ್ದರು. ಆ ಕೊಡಗಿನವರು ಅಧಿಕಾರ ವಹಿಸಿಕೊಂಡ ಜನವರಿ ಹದಿನೈದು ಸೇನಾ ದಿನವಾಯಿತು. ಕೆಲವು ವರ್ಷಗಳ ನಂತರ ಅವರು ಸೇವೆಯಿಂದ ಇಳಿದದ್ದು ಜನವರಿ ಹದಿನಾಲ್ಕಕ್ಕೆ. ಆ ದಿನವನ್ನು ಈಚೆಗೆ, ನಾನು ನಡುವಯಸ್ಸಿಗೆ ಬಂದ ಮೇಲೆ, ನಿವೃತ್ತ ಸೈನಿಕರ ದಿನ ಎಂದು ಮಾಡಿದರು. ಹಾಗಾಗಿ ನಮ್ಮ ಕ್ಯಾಲೆಂಡರಿನಲ್ಲಿ ನಿವೃತ್ತಿ ಮೊದಲು ಬರುತ್ತದೆ, ಸೇವೆ ಮರುದಿನ ಬರುತ್ತದೆ. ಅವತ್ತು ಊರೂರಿನಲ್ಲಿ ಹಳೆಯ ಸೈನಿಕರು ಪದಕ ಹಾಕಿಕೊಂಡು ಸೇರುತ್ತಾರೆ, ಹಾರ ಇಡುತ್ತಾರೆ, ಊಟ ಮಾಡುತ್ತಾರೆ. ಒಳ್ಳೆಯ ದಿನವೇ. ಗೌರವದಿಂದ ಹೋದವರನ್ನು ಗೌರವದಿಂದ ಕರೆಯುವ ದಿನ. ಬಾಗಿಲು ಹಾಕಿ ಹೊರಗೆ ಕಳಿಸಿದವರನ್ನು ಯಾವ ದಿನ ಕರೆಯಬೇಕು ಎಂದು ಮಾತ್ರ ಯಾರೂ ಗೊತ್ತುಮಾಡಿಲ್ಲ.

ನನ್ನ ಬಾಲ್ಯದಲ್ಲಿ ಹದಿನಾಲ್ಕರ ದಿನ ಇರಲಿಲ್ಲ, ಹದಿನೈದರದು ಮಾತ್ರ ಇತ್ತು. ಅದು ಯಾವ ವಾರ ಬಂದರೂ ನಮ್ಮ ಮನೆಯಲ್ಲಿ ಅದರ ನಂತರದ ಶುಕ್ರವಾರಕ್ಕೇ ಬೀಳುತ್ತಿತ್ತು. ಒಮಾನಿನಲ್ಲಿ ವಾರದ ರಜೆ ಶುಕ್ರವಾರ. ದೇಶದ ಸೇನೆಯಾದರೂ ಸರಿ, ಕಂಪನಿಯ ರಜೆಗೆ ಕಾಯಬೇಕು. ನಾವಿದ್ದದ್ದು ದಾರ್ಸೈಟ್‌ನ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ. ಎರಡು ಕೋಣೆ, ಒಂದು ಹಾಲು, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ನಿಲ್ಲಬೇಕಾದಷ್ಟು ಅಡುಗೆಮನೆ. ಕಿಟಕಿ ತೆರೆದರೆ ಬೋಳು ಕಲ್ಲಿನ ಗುಡ್ಡ. ಕೆಳಗೆ ಕೃಷ್ಣನ ಗುಡಿಗೆ ಬಂದವರ ಕಾರುಗಳು. ನಾವು ಶಿರ್ವದ ಕಡೆಯ ಕೊಂಕಣಿ ಕ್ರೈಸ್ತರು. ಬೆಳಿಗ್ಗೆ ರೂವಿಯ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ಕೂಡಲೇ ಪಪ್ಪಾ ಎದುರುಮನೆಯಿಂದ ಇನ್ನೊಂದು ಮೇಜು ತಂದು ನಮ್ಮದಕ್ಕೆ ಜೋಡಿಸುತ್ತಿದ್ದರು. ಎರಡರ ಎತ್ತರ ಒಂದೇ ಇರಲಿಲ್ಲ. ತಗ್ಗಿನ ಮೇಜಿನ ಕಾಲಿಗೆ ಹಳೆಯ ಟೆಲಿಫೋನ್ ಡೈರೆಕ್ಟರಿ ಇಟ್ಟು, ಮೇಲೆ ಬಿಳಿ ಬಟ್ಟೆ ಹಾಸಿದರೆ ನಮ್ಮ ಹಬ್ಬ ಶುರು.

ಪಪ್ಪಾ ಹದಿನೈದು ವರ್ಷ ಸೇನೆಯಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದವರು. ರೂವಿಯಲ್ಲಿ ಏಸಿ ಬಿಡಿಭಾಗಗಳ ಕಂಪನಿಯೊಂದರಲ್ಲಿ ಸ್ಟೋರ್‌ಕೀಪರ್. ವರ್ಷಪೂರ್ತಿ ಕಂಪನಿಯ ಒಮಾನಿ ಯಜಮಾನ ಕಫೀಲನ ಮಗ ಬಂದರೆ ಎದ್ದು ನಿಲ್ಲುವ, ಮೀಟಿಂಗಿನಲ್ಲಿ ಹಿಂದಿನ ಕುರ್ಚಿ ಹುಡುಕುವ ಮನುಷ್ಯ, ಆ ಒಂದು ಶುಕ್ರವಾರ ಎರಡಿಂಚು ಎತ್ತರವಾಗುತ್ತಿದ್ದರು. ಊಟಕ್ಕೆ ಬರುತ್ತಿದ್ದವರು, ಪಪ್ಪಾ ನನ್ನ ಪಲ್ಟನ್ ಎನ್ನುತ್ತಿದ್ದವರು, ಅವರಂಥವರೇ ಏಳೆಂಟು ಮಂದಿ: ಸೇನೆಯಿಂದ ಇಳಿದು ಒಮಾನಿಗೆ ಬಂದು ಸೆಕ್ಯುರಿಟಿ, ಗ್ಯಾರೇಜು, ಗೋಡೌನು ಎಂದು ಹಂಚಿಹೋದವರು. ಅವರಲ್ಲಿ ಹಿರಿಯರು ಮೈಸೂರಿನ ನಾಯಬ್ ಸುಬೇದಾರ್ ನಂಜುಂಡಯ್ಯ. ಇನ್ನೊಬ್ಬರು ಕಂಪನಿ ಬಸ್ಸು ಓಡಿಸುತ್ತಿದ್ದ ಹವಾಲ್ದಾರ್ ಇಬ್ರಾಹಿಂ, ಉಳ್ಳಾಲದ ಕಡೆಯ ಬ್ಯಾರಿ. ಅವರು ಜುಮ್ಮಾ ನಮಾಜು ಮುಗಿಸಿ ಬರುವ ತನಕ ಯಾರೂ ತಟ್ಟೆ ಮುಟ್ಟುವಂತಿರಲಿಲ್ಲ. ಮಿಕ್ಕವರ ಗ್ಲಾಸಿನಲ್ಲಿ ರಮ್ಮಿದ್ದರೆ ಅವರ ಗ್ಲಾಸಿನಲ್ಲಿ ನಿಂಬೆ ಷರಬತ್ತು ಇರುತ್ತಿತ್ತು. ತುಳು, ಕೊಂಕಣಿ, ಬ್ಯಾರಿ, ಕೊಡವ ಎಂದು ಒಬ್ಬೊಬ್ಬರದು ಒಂದೊಂದು ಮನೆಮಾತಾದ್ದರಿಂದ ಮೇಜಿನ ಮಾತು ಕನ್ನಡ. ಇಂಡಿಯನ್ ಸ್ಕೂಲಿನಲ್ಲಿ ಇಂಗ್ಲಿಷು, ಮನೆಯಲ್ಲಿ ಕೊಂಕಣಿ ಆಡುತ್ತಿದ್ದ ನನಗೆ ಕನ್ನಡ ದಕ್ಕಿದ್ದು ಆ ಮೇಜಿನ ಕೆಳಗೆ ಕೂತು. ನನ್ನ ಕನ್ನಡದಲ್ಲಿ ಇವತ್ತಿಗೂ ಸ್ವಲ್ಪ ಬ್ಯಾರಕ್ಕಿನ ವಾಸನೆ ಇದ್ದರೆ ಕಾರಣ ಅದು.

ಆ ಊಟಕ್ಕೆ ಪಪ್ಪಾ ಮಾಡಿದ ಒಂದು ಕಟ್ಟಳೆ ಇತ್ತು. ಕೂರುವುದು ದರ್ಜೆಯ ಪ್ರಕಾರ. ಮೇಜಿನ ತುದಿಯ ತಲೆಯ ಕುರ್ಚಿ ಎಲ್ಲರಿಗಿಂತ ದೊಡ್ಡ ದರ್ಜೆಯವರಿಗೆ, ಆಮೇಲೆ ಇಳಿಯುತ್ತ ಇಳಿಯುತ್ತ ಬಾಗಿಲ ಹತ್ತಿರ ನಾಯಕ್ ದರ್ಜೆಯವರು, ಸಿಪಾಯಿಗಳು. ಮನೆಯ ಯಜಮಾನ ಎಂದು ಪಪ್ಪಾನಿಗೆ ರಿಯಾಯಿತಿ ಇಲ್ಲ. ಹವಾಲ್ದಾರರ ಸಾಲಿನಲ್ಲಿ, ಇಬ್ರಾಹಿಂ ಅಂಕಲ್ ಪಕ್ಕ. ಕೂರುವ ಮೊದಲು ಹಾಜರಿ. ಒಬ್ಬೊಬ್ಬರೂ ಎದ್ದು ನಿಂತು ತಮ್ಮ ದರ್ಜೆ, ಹೆಸರು, ಯೂನಿಟ್ ಹೇಳಿ ಕೊನೆಗೆ 'ನಿವೃತ್ತ' ಎನ್ನಬೇಕು. ತಲೆಯ ಕುರ್ಚಿಯವರು ಮೊದಲ ತುತ್ತು ಬಾಯಿಗಿಟ್ಟ ಮೇಲೆ ಉಳಿದವರದು. ಹೊರಗಿನವರು ನೋಡಿದರೆ ನಗುತ್ತಿದ್ದರೇನೋ. ನಾನೂ ಅಣ್ಣ ರೋಶನನೂ ಎಂದೂ ನಗಲಿಲ್ಲ. ದೊಡ್ಡ ಗಂಡಸರು ತಮ್ಮ ಹೆಸರನ್ನು ಅಷ್ಟು ಗಟ್ಟಿಯಾಗಿ ಹೇಳುವುದನ್ನು ನಾವು ಬೇರೆಲ್ಲೂ ಕೇಳಿರಲಿಲ್ಲ. ಉಳಿದ ದಿನ ಅವರೆಲ್ಲ ಬ್ಯಾಡ್ಜಿನ ನಂಬರು ಹೇಳಿಕೊಂಡು ಬದುಕಿದವರು.

ಇದರಲ್ಲಿ ಮಮ್ಮಿ ಎಲ್ಲಿದ್ದರು ಎಂದರೆ, ಅಡುಗೆಮನೆಯಲ್ಲಿ. ನಮ್ಮ ತಾಯಿ ಸಿಸಿಲಿಯಾ ರೂವಿಯ ಒಂದು ಕ್ಲಿನಿಕ್‌ನಲ್ಲಿ ನರ್ಸ್. ಹಿಂದಿನ ರಾತ್ರಿಯ ಡ್ಯೂಟಿ ಮುಗಿಸಿ ಬಂದು, ಸ್ನಾನ ಮಾಡಿ, ಪೂಜೆಗೆ ಹೋಗಿ, ಬಂದವರೇ ಒಲೆಯ ಮುಂದೆ ನಿಲ್ಲುತ್ತಿದ್ದರು. ಸನ್ನಾ, ಕೋಳಿ ಸುಕ್ಕ, ಮತ್ರಾ ಮೀನುಮಾರ್ಕೆಟ್ಟಿನಿಂದ ತಂದ ಅಂಜಲ್ ಮೀನಿನ ಫ್ರೈ, ನಂಜುಂಡಯ್ಯನವರಿಗೆಂದು ಬೇರೆ ಒಲೆಯಲ್ಲಿ ಬೇರೆ ಪಾತ್ರೆಯಲ್ಲಿ ಹುರುಳಿಕಾಯಿ ಪಲ್ಯ, ತಿಳಿಸಾರು. ಪಪ್ಪಾನ ಬ್ಲೇಜರಿಗೆ ಇಸ್ತ್ರಿ ಹಾಕಿ ಪದಕಗಳನ್ನು ಪಿನ್ ಮಾಡುವವರೂ ಅವರೇ. ಯಾವ ಪದಕ ಯಾವುದರ ಎಡಕ್ಕೆ ಬರಬೇಕು ಎಂದು ಪಪ್ಪಾ ತಡಕಾಡಿದರೆ ಮಮ್ಮಿ ಕೇಳದೆಯೇ ಸರಿಯಾಗಿ ಜೋಡಿಸಿಬಿಡುತ್ತಿದ್ದರು. ವರ್ಷವರ್ಷವೂ ಇಸ್ತ್ರಿ ಹಾಕಿದವರಿಗೆ ಅಷ್ಟೂ ಗೊತ್ತಿರುವುದಿಲ್ಲವೇ ಎಂದುಕೊಂಡಿದ್ದೆ. ಹಾಜರಿ ನಡೆಯುವಾಗ ಮಾತ್ರ ಅವರು ಒಳಗೆ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದರು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ ಊಟಕ್ಕೆ ಹೊಸಬರೊಬ್ಬರು ಬಂದರು. ಕೊಡಗಿನ ಸುಬೇದಾರ್ ಪೂವಯ್ಯ. ರುಸ್ತಾಕ್‌ನಲ್ಲಿ ರಸ್ತೆ ಕಂಟ್ರಾಕ್ಟರನೊಬ್ಬನ ವರ್ಕ್‌ಶಾಪು ನೋಡಿಕೊಳ್ಳುತ್ತಿದ್ದರು, ಬಲಗಾಲು ಸ್ವಲ್ಪ ಎಳೆಯುತ್ತಿತ್ತು. ನಾಯಬ್ ಸುಬೇದಾರರಿಗಿಂತ ಸುಬೇದಾರರು ದೊಡ್ಡವರು. ನಂಜುಂಡಯ್ಯನವರು ತಲೆಯ ಕುರ್ಚಿ ಬಿಟ್ಟುಕೊಟ್ಟು ಒಂದು ಜಾಗ ಕೆಳಗೆ ಸರಿದರು. ಮನಸ್ಸಿಲ್ಲದ ಮನಸ್ಸಿನಿಂದ ಎನ್ನುವುದು ನಮ್ಮಂಥ ಮಕ್ಕಳಿಗೂ ಗೊತ್ತಾಯಿತು. ಹಾಜರಿ ಮುಗಿಯಿತು. ಎಲ್ಲರೂ ಕೂತರು. ಮಮ್ಮಿ ಸುಡುವ ಸುಕ್ಕದ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಹೊರಗೆ ಬಂದರು. ಯಾರೋ ನೀರಿನ ಜಗ್ಗಿಗೆಂದು ಅಡ್ಡ ಕೈಚಾಚಿದರು. ಅವರ ತೋಳು ಪಾತ್ರೆಗೆ ಇನ್ನೇನು ತಗಲುವುದರಲ್ಲಿತ್ತು.

"ಅಲ್ಲಾಡ್ಬೇಡಿ," ಎಂದರು ಮಮ್ಮಿ.

ಜೋರಾಗಿ ಹೇಳಲಿಲ್ಲ. ಆದರೆ ಆ ಕೈ ಗಾಳಿಯಲ್ಲೇ ನಿಂತಿತು. ಪೂವಯ್ಯನವರು ತಟ್ಟೆಯಿಂದ ತಲೆಯೆತ್ತಿ ಮಮ್ಮಿಯ ಮುಖವನ್ನೇ ನೋಡಿದರು. ನೋಡುತ್ತ ನೋಡುತ್ತ ಅವರ ಮುಖದ ಬಣ್ಣ ಹೋಯಿತು. ಕುರ್ಚಿ ಹಿಂದಕ್ಕೆ ಬಿದ್ದ ಸದ್ದಾಯಿತು. ಎಳೆಯುವ ಕಾಲನ್ನು ಒಳ್ಳೆಯ ಕಾಲಿಗೆ ಜೋಡಿಸಿ, ಎರಡೂ ಕೈ ತೊಡೆಗೆ ಅಂಟಿಸಿ, ಎದೆ ಮುಂದೆ ಮಾಡಿ ಕವಾಯತಿನ ಸಾವಧಾನ್ ಭಂಗಿಯಲ್ಲಿ ನಿಂತರು. ತಲೆಯ ಮೇಲೆ ಟೋಪಿ ಇಲ್ಲದ್ದರಿಂದ ಸಲ್ಯೂಟ್ ಹೊಡೆಯಲಿಲ್ಲ.

"ಜೈ ಹಿಂದ್, ಕ್ಯಾಪ್ಟನ್ ಮೇಡಂ."

ಸುಬೇದಾರರು ಸಾವಧಾನ್ ನಿಂತ ಮೇಲೆ ಉಳಿದವರು ಕೂತಿರುವುದುಂಟೇ? ಯಾಕೆ, ಏನು ಎಂದು ಕೇಳುವ ಮೊದಲೇ ಅವರ ಕಾಲುಗಳು ಎದ್ದುಬಿಟ್ಟವು. ಇಬ್ರಾಹಿಂ ಅಂಕಲ್ ಎದ್ದರು, ನಂಜುಂಡಯ್ಯನವರು ಎದ್ದರು, ಬಾಗಿಲ ಬಳಿಯ ಸಿಪಾಯಿಗಳೂ ಎದ್ದರು. ಕೂತಿದ್ದವರು ಒಬ್ಬರೇ, ಪಪ್ಪಾ. ಅವರ ಕಿವಿಗಳು ಕೆಂಪಾಗಿದ್ದವು, ಕಣ್ಣು ಮೇಜಿನ ಬಟ್ಟೆಯ ಮೇಲಿತ್ತು. ಕ್ಯಾಪ್ಟನ್ ಎಂದರೆ ನಮ್ಮ ಮೇಜಿಗೆ ಎಂದೂ ಬರದ ಎತ್ತರ. ಸುಬೇದಾರರಿಗಿಂತ ಮೇಲಿನ ಆಫೀಸರ್‌ಗಳ ದರ್ಜೆ. ಈ ಮನುಷ್ಯನಿಗೆ ತಲೆ ಕೆಟ್ಟಿದೆ ಎಂದುಕೊಂಡೆ. ಮಮ್ಮಿ ಈಗ ನಗುತ್ತಾರೆ, ನೀವು ಯಾರನ್ನೋ ನೋಡಿ ಯಾರೋ ಅಂದುಕೊಂಡಿರಿ ಎನ್ನುತ್ತಾರೆ ಎಂದು ಕಾದೆ. ಮಮ್ಮಿ ಪಾತ್ರೆಯನ್ನು ಮೇಜಿನ ಮೇಲಿಟ್ಟು, ಬಟ್ಟೆಗೆ ಕೈ ಒರೆಸಿಕೊಂಡು, "ಕಾಲು ಹೇಗುಂಟು?" ಎಂದು ಕೇಳಿದರು.

ಪೂವಯ್ಯನವರು ಯುದ್ಧದಲ್ಲಿ ಗಾಯಗೊಂಡು ಪಂಜಾಬಿನ ಕಡೆಯ ಒಂದು ಸೇನಾ ಆಸ್ಪತ್ರೆಯಲ್ಲಿ ಮಲಗಿದ್ದಾಗ ಆ ವಾರ್ಡು ಇದ್ದದ್ದು ಮಮ್ಮಿಯ ಕೈಯಲ್ಲಿ. ಕಾಲು ತೆಗೆಯಬೇಕು ಎಂದು ಮಾತಾದಾಗ ಇನ್ನೊಂದು ದಿನ ನೋಡೋಣ ಎಂದು ಡಾಕ್ಟರರ ಹತ್ತಿರ ವಾದ ಮಾಡಿ, ಇದೇ ದನಿಯಲ್ಲಿ ಅಲ್ಲಾಡ್ಬೇಡಿ ಎನ್ನುತ್ತ ದಿನವಿಡೀ ಡ್ರೆಸಿಂಗ್ ಬದಲಾಯಿಸಿದವರು ಇವರು ಎಂದು ಅವರು ನಿಂತುಕೊಂಡೇ ಎಲ್ಲರಿಗೂ ಹೇಳಿದರು. ಆಗ ಲೆಫ್ಟಿನೆಂಟ್, ಆಮೇಲೆ ಕ್ಯಾಪ್ಟನ್ ಆದ ಸುದ್ದಿಯೂ ಅವರಿಗೆ ಗೊತ್ತಿತ್ತು. ಬಿದ್ದ ಕುರ್ಚಿಯನ್ನು ಎತ್ತಿ, ಒರೆಸಿ, ಮಮ್ಮಿಯ ಕಡೆ ತಿರುಗಿಸಿದರು.

"ಆಫೀಸರ್ ನಿಂತು ಬಡಿಸೂದು, ನಾನು ಕೂತು ತಿನ್ನೂದಾ? ಕೂತ್ಕೊಳ್ಳಿ ಮೇಡಂ. ಯಾವಾಗ ರಿಟೈರ್ ಆದದ್ದು?"

ಮಮ್ಮಿ ಕೂರಲಿಲ್ಲ. ಆ ಕುರ್ಚಿಯನ್ನು ನೋಡಿದರು, ಪಪ್ಪಾನನ್ನು ನೋಡಿದರು.

"ರಿಟೈರ್ ಆಗ್ಲಿಲ್ಲ ಸಾಬ್. ಮದುವೆ ಆದೆ ಅಂತ ತೆಗ್ದು ಹಾಕಿದ್ರು. ನಿಮ್ಮ ಹಾಗೆ ಎದ್ದು ನಿಂತು ಹೇಳ್ಲಿಕ್ಕೆ ನನಗೆ ಯೂನಿಟ್ ಇಲ್ಲ. ಉಣ್ಣಿ, ತಣ್ಣಗಾಗ್ತದೆ."

ಒಳಗೆ ಹೋಗಿ ಮೀನು ಕಾಯಿಸತೊಡಗಿದರು. ಗಂಡಸರು ಒಬ್ಬೊಬ್ಬರಾಗಿ ಕೂತರು. ಪೂವಯ್ಯನವರು ಮಾತ್ರ ತಟ್ಟೆ ಕೈಯಲ್ಲಿ ಹಿಡಿದು ಕಿಟಕಿಯ ಹತ್ತಿರ ನಿಂತೇ ಉಂಡರು. ಆ ತಲೆಯ ಕುರ್ಚಿ ಖಾಲಿಯೇ ಇತ್ತು. ಮೊದಲ ತುತ್ತು ಯಾರು ಇಡಬೇಕು ಎಂದು ಯಾರಿಗೂ ತಿಳಿಯದೆ ಎಲ್ಲರೂ ಒಟ್ಟಿಗೇ, ಕಳ್ಳರ ಹಾಗೆ, ತಿನ್ನಲು ಶುರುಮಾಡಿದರು. ನಂಜುಂಡಯ್ಯನವರು ತಮ್ಮ ಹುರುಳಿಕಾಯಿ ಪಲ್ಯವನ್ನು ಮುಟ್ಟಲಿಲ್ಲ. ಇಷ್ಟು ವರ್ಷ ಅದನ್ನು ಬೇರೆ ಪಾತ್ರೆಯಲ್ಲಿ, ಬೇರೆ ಸೌಟಿನಲ್ಲಿ ಮಾಡಿಸಿಕೊಂಡವರು ಅವರು. ಎದ್ದುಹೋಗುವಾಗ ಪಪ್ಪಾನಿಗೆ ತಗ್ಗಿದ ದನಿಯಲ್ಲಿ, ಒಂದು ಮಾತು ಹೇಳಬಾರದಿತ್ತೇನಪ್ಪ, ಕ್ಯಾಪ್ಟನ್ ಕೈಯಲ್ಲಿ ಎಂಜಲು ತಟ್ಟೆ ಎತ್ತಿಸಿದೆಯಲ್ಲ ಎಂದರು.

ಅವರೆಲ್ಲ ಹೋದ ಮೇಲೆ ನಾನು ಮಮ್ಮಿಯ ಪಕ್ಕ ನಿಂತು ತಟ್ಟೆ ಒರೆಸಿದೆ. ನನಗೆ ಅವರನ್ನು ಮುಟ್ಟಲೂ ಹೆದರಿಕೆಯಾಗುತ್ತಿತ್ತು. ಬೆಳಿಗ್ಗೆ ತಲೆಬಾಚಿದ ತಾಯಿ ಮಧ್ಯಾಹ್ನಕ್ಕೆ ಬೇರೆ ಯಾರೋ ಆಗಿದ್ದರು. ಒಂದೊಂದೇ ಕೇಳಿದೆ, ಅವರು ಒಂದೊಂದಕ್ಕೇ ಉತ್ತರ ಕೊಟ್ಟರು. ಸೇನೆಯ ನರ್ಸಿಂಗ್ ಸೇವೆಯಲ್ಲಿ ಹೆಂಗಸು ಮದುವೆಯಾದರೆ ಕೆಲಸ ಹೋಗುತ್ತಿತ್ತು. ಆಗ ನಿಯಮವೇ ಹಾಗಿತ್ತು. ಪಪ್ಪಾ ಜ್ವರ ಬಂದ ಗೆಳೆಯನನ್ನು ಆ ಆಸ್ಪತ್ರೆಗೆ ಸೇರಿಸಲು ಬಂದಿದ್ದಾಗ ಇಬ್ಬರೂ ಪಕ್ಕಪಕ್ಕದ ಊರಿನವರೆಂದು ಗೊತ್ತಾಗಿ, ಮಾತು ಬೆಳೆದು, ಮದುವೆಯ ತನಕ ಬಂತು. ಕೆಲಸ ಹೋಗುತ್ತದೆ ಎಂದು ಮಮ್ಮಿಗೆ ಗೊತ್ತಿತ್ತು. ಪಪ್ಪಾನಿಗೂ ಗೊತ್ತಿತ್ತು. ಹಾಗಾದರೆ ಪಪ್ಪಾನ ಕೆಲಸ ಯಾಕೆ ಹೋಗಲಿಲ್ಲ ಎಂದು ಕೇಳಿದೆ.

"ಗಂಡಸು ಮದುವೆಯಾದ್ರೆ ಸೇನೆ ಕ್ವಾರ್ಟರ್ಸ್ ಕೊಡ್ತದೆ," ಎಂದರು ಮಮ್ಮಿ.

ಆ ಕ್ವಾರ್ಟರ್ಸ್‌ನಲ್ಲಿ, ಪಪ್ಪಾನ ಸೇವೆ ಮುಗಿಯುವ ತನಕ, ಅವರು ಹವಾಲ್ದಾರನ ಹೆಂಡತಿಯಾಗಿ ಇದ್ದರು. ತಾನು ಕೆಲಸ ಕಲಿಸಿದ ಹುಡುಗಿಯರ ಮುಂದೆಯೇ ಕ್ಯೂ ನಿಂತು ರೋಶನನಿಗೆ ಲಸಿಕೆ ಹಾಕಿಸಿದರು. ಹಳೆಯ ದರ್ಜೆಯ ಮಾತು ಯಾರಿಗೂ ಹೇಳುವುದು ಬೇಡ, ಹವಾಲ್ದಾರನ ಹೆಂಡತಿ ಕ್ಯಾಪ್ಟನ್ ಎಂದರೆ ಜನ ನಗುತ್ತಾರೆ ಎಂದವರು ಪಪ್ಪಾ. ಮಮ್ಮಿ ಒಪ್ಪಿದರು. ಹೊರಗೆ ಹಾಕಿಸಿಕೊಂಡ ಮನೆಯ ಹೆಸರು ಹೇಳಿಕೊಂಡು ಆಗಬೇಕಾದ್ದೇನು ಎಂದು ಅವರಿಗೂ ಅನಿಸಿತ್ತಂತೆ. ಒಪ್ಪಿದರು ಸರಿ. ಆದರೆ ಒಮಾನಿಗೆ ಬಂದ ಮೇಲೆ ಅದೇ ಸೇನೆಯ ಹಬ್ಬಕ್ಕೆ ಪ್ರತಿ ವರ್ಷ ಅವರಿಂದಲೇ ಅಡುಗೆ ಮಾಡಿಸಿದರಲ್ಲ, ಇವರೂ ಮಾಡಿದರಲ್ಲ! ನನಗೆ ಅರ್ಥವಾಗದೆ ಉಳಿದದ್ದು ಅದು. ನಾನು ಪ್ರೀತಿಸುತ್ತಿದ್ದ ಇಬ್ಬರೂ ಇಷ್ಟು ವರ್ಷ ಒಂದೇ ಮನೆಯಲ್ಲಿ ಇದನ್ನು ಬಚ್ಚಿಟ್ಟುಕೊಂಡು ಮಲಗಿ ಎದ್ದು ಮಾಡಿದ್ದರು. ನಮ್ಮ ಮನೆ ಮೊದಲಿನ ಮನೆಯಾಗಿ ನನಗೆ ಮತ್ತೆಂದೂ ಸಿಗಲಿಲ್ಲ. ಇವತ್ತಿಗೂ ಯಾರ ಮನೆಗೆ ಊಟಕ್ಕೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಅಡುಗೆಮನೆಯಲ್ಲಿ ಯಾರಿದ್ದಾರೆ ಎಂದು.

ಆ ನಿಯಮವನ್ನು ಸೇನೆ ಆಮೇಲೆ ತೆಗೆದುಹಾಕಿತು. ಹೀಗೆಯೇ ಹೊರಗೆ ಹಾಕಿಸಿಕೊಂಡ ಇನ್ನೊಬ್ಬ ನರ್ಸ್ ವರ್ಷಗಟ್ಟಲೆ ಹೋರಾಡಿ ದೇಶದ ದೊಡ್ಡ ಕೋರ್ಟಿನಲ್ಲಿ ಗೆದ್ದರು. ಮದುವೆಯಾದದ್ದಕ್ಕೆ ಹೆಂಗಸನ್ನು ಕೆಲಸದಿಂದ ತೆಗೆಯುವುದು ತಪ್ಪು ಎಂದು ನ್ಯಾಯಾಧೀಶರು ಹೇಳಿದರು. ಕೆಲವು ವರ್ಷದ ಹಿಂದೆ ಆ ಸುದ್ದಿಯನ್ನು ನಾನು ಫೋನಿನಲ್ಲಿ ಓದಿ ಹೇಳಿದಾಗ ಮಮ್ಮಿ ಕಣ್ಣುಮುಚ್ಚಿ ಕೇಳಿಸಿಕೊಂಡರು. "ಅವಳು ಕೋರ್ಟಿಗೆ ಹೋದಳು, ನಾನು ಒಮಾನಿಗೆ ಬಂದೆ" ಎಂದು ಹೇಳಿ ಮಗ್ಗುಲು ಬದಲಾಯಿಸಿದರು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮ ಮನೆಯದು ಒಂದು ವರ್ಷ ಉಂಡರೂ ಮಲಗಿದರೂ ಮುಗಿಯಲಿಲ್ಲ. ಕಿರುಚಾಟ ಇರಲಿಲ್ಲ. ಪಪ್ಪಾ ಮಮ್ಮಿಗೆ ಹೇಳಬೇಕಾದ್ದನ್ನು ರೋಶನನಿಗೆ ಹೇಳುತ್ತಿದ್ದರು, ಮಮ್ಮಿ ಪಪ್ಪಾನಿಗೆ ಹೇಳಬೇಕಾದ್ದನ್ನು ನನಗೆ ಹೇಳುತ್ತಿದ್ದರು. ನಾವಿಬ್ಬರು ಮಕ್ಕಳು ಉಪ್ಪಿನ ಡಬ್ಬಿಯಿಂದ ಸ್ಕೂಲ್ ಫೀಸಿನ ತನಕ ಎಲ್ಲ ಸುದ್ದಿಯನ್ನೂ ಆ ಕಡೆಯಿಂದ ಈ ಕಡೆಗೆ ಹೊತ್ತೆವು. ಬೇಸಿಗೆ ಕಳೆದು ಪೂವಯ್ಯನವರ ಕಾಂಟ್ರಾಕ್ಟು ಮುಗಿಯಿತು. ಊರಿಗೆ ಹೊರಡುವ ಮೊದಲು ಮಮ್ಮಿಗೆ ಫೋನ್ ಮಾಡಿ ಬಹಳ ಹೊತ್ತು ಮಾತಾಡಿದರು. ಏನು ಮಾತಾಡಿದರೋ, ಅವತ್ತು ಸಂಜೆ ಮಮ್ಮಿ ನಮ್ಮನ್ನು ದಾಟಿ ನೇರ ಪಪ್ಪಾನ ಎದುರು ಹೋಗಿ ನಿಂತರು. ಮುಂದಿನ ವರ್ಷ ಆ ಊಟ ಈ ಮನೆಯಲ್ಲಿ ನಡೆಯಬೇಕಾದರೆ ತಾನು ಮೇಜಿಗೆ ಕೂರುವವಳೇ ಎಂದರು. ಕಟ್ಟಳೆ ನಿಮ್ಮದೇ, ತಲೆಯ ಕುರ್ಚಿ ಯಾರದೆಂದು ನಿಮಗೇ ಗೊತ್ತು ಎಂದರು. ಪಪ್ಪಾ ಆಗಲಿ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಆ ಮೇಲೆ ನಮ್ಮ ಮನೆಯಲ್ಲಿ ಬೇರೆ ಚಿಂತೆಯೇ ಇರಲಿಲ್ಲ. ಮಮ್ಮಿ ಕೂರುತ್ತಾರೋ ಇಲ್ಲವೋ, ಪಪ್ಪಾ ಕೂರಲು ಬಿಡುತ್ತಾರೋ ಇಲ್ಲವೋ ಎಂದು ನಾನೂ ರೋಶನನೂ 'ಬೆಟ್' ಕಟ್ಟಿದೆವು. ಪಪ್ಪಾನೇ ಗೆಲ್ಲುತ್ತಾರೆ ಎಂದು ನಾನು ಕಟ್ಟಿದೆ.

ಜನವರಿ ಬಂತು. ಪಪ್ಪಾ ಫೋನಿನ ಮುಂದೆ ಕೂತು ಒಬ್ಬೊಬ್ಬರಿಗೂ ಕರೆ ಮಾಡಿದರು. ಈ ಸಲ ನಮ್ಮ ಮನೆಯವಳೂ ಕೂರುತ್ತಾಳೆ, ಕ್ಯಾಪ್ಟನ್ ಸಿಸಿಲಿಯಾ, ಹೌದು ತಲೆಯ ಕುರ್ಚಿ ಎಂದು ಪ್ರತಿಯೊಬ್ಬರಿಗೂ ಬಿಡಿಸಿ ಹೇಳಿದರು. ಪ್ರತಿ ಸಲ ಆ ಮಾತು ಬಂದಾಗ ಅವರ ದನಿ ಸ್ವಲ್ಪ ಇಳಿಯುತ್ತಿತ್ತು, ಆದರೆ ಹೇಳದೆ ಬಿಡಲಿಲ್ಲ. ಎಲ್ಲರೂ ಬರುತ್ತೇವೆ ಎಂದರಂತೆ. ಶುಕ್ರವಾರ ಎರಡು ಮೇಜು ಕೂಡಿತು, ಬಿಳಿ ಬಟ್ಟೆ ಬಿತ್ತು. ಮಮ್ಮಿ ಕತ್ತಲಿರುವಾಗಲೇ ಎದ್ದು ಎಲ್ಲ ಅಡುಗೆ ಮುಗಿಸಿ, ಪಾತ್ರೆಗಳನ್ನು ಮುಚ್ಚಿಟ್ಟು, ಮದುವೆಗಳಿಗೆ ಮಾತ್ರ ಉಡುತ್ತಿದ್ದ ನೀಲಿ ರೇಷ್ಮೆ ಸೀರೆ ಉಟ್ಟು ತಲೆಯ ಕುರ್ಚಿಯಲ್ಲಿ ಕೂತರು. ಅವರು ನೆಟ್ಟಗೆ ಕೂತಿದ್ದರು. ಪಪ್ಪಾ ಬ್ಲೇಜರಿನಲ್ಲಿ ಬಾಗಿಲ ಹತ್ತಿರ ನಿಂತರು.

ಜುಮ್ಮಾ ಮುಗಿಯಿತು. ಯಾರೂ ಬರಲಿಲ್ಲ. ಒಬ್ಬರಿಗೆ ಜ್ವರವೆಂದು ಫೋನ್ ಬಂತು, ಇನ್ನೊಬ್ಬರಿಗೆ ಶಿಫ್ಟು ಬದಲಾಯಿತಂತೆ, ನಂಜುಂಡಯ್ಯನವರು ಫೋನನ್ನೇ ಎತ್ತಲಿಲ್ಲ. ಕೊನೆಗೆ ಗಂಟೆ ಬಾರಿಸಿದವರು ಇಬ್ರಾಹಿಂ ಅಂಕಲ್. ಕೈಯಲ್ಲಿ ಒಮಾನಿ ಹಲ್ವದ ಡಬ್ಬಿ. ಒಳಗೆ ಬನ್ನಿ ಎಂದರೆ ಬರಲಿಲ್ಲ; ಕೆಳಗೆ ಬಸ್ಸು ನಿಲ್ಲಿಸಿದ್ದೇನೆ ಎಂದರು. ಪಪ್ಪಾ ನಿಜ ಹೇಳು ಎಂದು ಒತ್ತಾಯ ಮಾಡಿದ ಮೇಲೆ ಬಾಯಿಬಿಟ್ಟರು. ಕೆಲವರು, ಡಿಸ್ಮಿಸ್ ಆದವರ ಕೆಳಗೆ ಕೂತು ಹಾಜರಿ ಹೇಳುವುದು ಹೇಗೆ ಎಂದರಂತೆ. ಕೆಲವರಿಗೆ ಅದಲ್ಲ, ಇಷ್ಟು ವರ್ಷ ಆಫೀಸರ್ ಕೈಯಲ್ಲಿ ಸೇವೆ ಮಾಡಿಸಿಕೊಂಡು ಈಗ ಮುಖ ತೋರಿಸುವುದು ಹೇಗೆ ಎಂಬ ಸಂಕಟ. ಅವರು ಹಲ್ವದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಮಮ್ಮಿಯ ಕಡೆ ನೋಡದೆ ಮೆಟ್ಟಿಲಿಳಿದರು. ನಾನು ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತೆ. ಒಬ್ಬರೂ ಬರುವುದಿಲ್ಲ ಎನ್ನುವುದು ನನ್ನ ಎಣಿಕೆಯಲ್ಲೇ ಇರಲಿಲ್ಲ. ರೋಶನನ ಎಣಿಕೆಯಲ್ಲೂ ಇರಲಿಲ್ಲ.

ಪಪ್ಪಾ ಬಾಗಿಲು ಮುಚ್ಚಿದರು. ಸಾಲು ಕುರ್ಚಿಗಳ ಹಿಂದೆ ಒಂದೊಂದರ ಬೆನ್ನು ಮುಟ್ಟುತ್ತ ಮೇಜಿನ ತುದಿಗೆ ಬಂದು ನಿಂತರು. ಅವರು ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮನೆಯಲ್ಲಿ ನಾವು ನಾಲ್ವರೇ ಇದ್ದೆವು, ನಾಲ್ವರದೂ ಮನೆಮಾತು ಕೊಂಕಣಿ. ಆದರೆ ಅವರು ಆ ಮೇಜಿನ ಮಾತಾದ ಕನ್ನಡದಲ್ಲೇ ಹೇಳಿದರು, ಎದುರಿಗೆ ಜನ ಕೂತಿದ್ದಾರೆ ಎನ್ನುವಂತೆ.

"ನಿನ್ನ ಒಂದು ಕುರ್ಚಿಗೆ ನನ್ನ ಪಲ್ಟನ್ ಹೋಯ್ತು, ಸಿಸಿಲಿಯಾ."

ಮಮ್ಮಿ ಎದ್ದು ಅವರ ಕಣ್ಣೊರೆಸುತ್ತಾರೆ, ತಪ್ಪಾಯಿತು ಎನ್ನುತ್ತಾರೆ ಎಂದುಕೊಂಡೆ. ಎದ್ದರೆ ಎಲ್ಲವೂ ಮೊದಲಿನಂತಾಗುತ್ತಿತ್ತು ಎಂದು ನನಗೆ ಗೊತ್ತಿತ್ತು. ಏಳಿ ಎಂದು ಬೇಡಿಕೊಳ್ಳುವಷ್ಟು ಪಪ್ಪಾನ ಮೇಲೆ ಪ್ರೀತಿ ಬಂತು, ಏಳಬೇಡಿ ಎಂದು ಕೂಗುವಷ್ಟು ಮಮ್ಮಿಯ ಮೇಲೂ ಬಂತು. ಮಮ್ಮಿ ಏಳಲಿಲ್ಲ.

"ನಿಮ್ಮ ಒಂದು ಉಂಗುರಕ್ಕೆ ನನ್ನದು ಹೋಗಿತ್ತು. ನಾನು ಅತ್ತದ್ದನ್ನು ನೀವು ನೋಡ್ಲಿಲ್ಲ, ನಾನು ನಿಮ್ಮದನ್ನು ನೋಡಿದೆ. ಈಗ ಬಡಿಸಿ. ಮಕ್ಕಳಿಗೆ ಹಸಿವಾಗ್ತಾ ಉಂಟು."

ಪಪ್ಪಾ ಬ್ಲೇಜರ್ ಕಳಚಿ ಕುರ್ಚಿಯ ಬೆನ್ನಿಗೆ ಹಾಕಿ ಅಡುಗೆಮನೆಗೆ ಹೋದರು. ಯಾವ ಪಾತ್ರೆಯಲ್ಲಿ ಏನಿದೆ ಎಂದು ಗೊತ್ತಿಲ್ಲದೆ ಒಂದೊಂದೇ ಮುಚ್ಚಳ ತೆಗೆದು ಮುಚ್ಚುವ ಸದ್ದು ನಮಗೆ ಕೇಳಿಸಿತು. ಸೌಟು ಸಿಗಲಿಲ್ಲವೇನೋ, ಚಮಚ ಹಿಡಿದು ಬಂದರು. ನಮ್ಮ ತಟ್ಟೆಗಳಿಗೆ ಸನ್ನಾ ಹಾಕಿದರು, ಸುಕ್ಕ ಹಾಕುವಾಗ ಬಿಳಿ ಬಟ್ಟೆಯ ಮೇಲೆ ಚೆಲ್ಲಿದರು. ತಾವು ಕೂರಲಿಲ್ಲ. ಮಮ್ಮಿ ಅವಸರ ಮಾಡದೆ, ಪ್ರತಿಯೊಂದನ್ನೂ ರುಚಿ ನೋಡಿ, ಹೊಟ್ಟೆ ತುಂಬ ಉಂಡರು. ತಾನೇ ಮಾಡಿದ ಆ ಅಡುಗೆಯನ್ನು ಮೇಜಿಗೆ ಕೂತು ಅವರು ತಿಂದದ್ದು ಅದೇ ಮೊದಲು. ಆಮೇಲೆ ತಲೆಯೆತ್ತದೆ, ಮೀನು ಇನ್ನೊಂದು ತುಂಡು ಬೇಕು ಎಂದರು. ಪಪ್ಪಾ ತರಲು ಹೋದರು.